ಕಳೆ ತುಂಬಿದ ಹಿತ್ತಲಿಗೆ ಗರಿಕೆಯ ಹಾಸು: ಬಯಲುಸೀಮೆಯಲ್ಲಿ ಕಡಿಮೆ ಖರ್ಚಿನ ಹುಲ್ಲುಹಾಸು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಿಂದ ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಗೆ ಹೊರಟರೆ ಹಿತ್ತಲಿಲ್ಲದ ಹಳೆಯ ಮನೆ ಕಾಣಸಿಗುವುದು ಅಪರೂಪ. ಒಂದು ಕಾಲಕ್ಕೆ ಆ ಜಾಗದಲ್ಲಿ ದನದ ಕೊಟ್ಟಿಗೆ, ಹುಲ್ಲಿನ ಬಣವೆ, ತಿಪ್ಪೆ, ಬಟ್ಟೆ ಒಗೆಯುವ ಕಲ್ಲು, ಒಂದೆರಡು ನುಗ್ಗೆ-ಕರಿಬೇವಿನ ಗಿಡ ಇರುತ್ತಿದ್ದವು. ಮಕ್ಕಳು ಬೆಂಗಳೂರು ಸೇರಿ, ದನಗಳು ಮಾರಾಟವಾದ ಮೇಲೆ ಇಂತಹ ಎಷ್ಟೋ ಹಿತ್ತಲುಗಳನ್ನು ಕಳೆ ಆಕ್ರಮಿಸಿದೆ. ಹಬ್ಬಕ್ಕೆ ಊರಿಗೆ ಬಂದವರಿಗೆ ಎದೆಯೆತ್ತರದ ಕಾಂಗ್ರೆಸ್ ಗಿಡ, ಅದರ ನಡುವೆ ಹಾವು-ಚೇಳಿನ ಭಯ, ಹೂಬಿಟ್ಟ ಕಾಲದಲ್ಲಿ ಸೀನು, ಕಣ್ಣುರಿ, ಮೈತುರಿಕೆ. ‘ಇದನ್ನೆಲ್ಲ ಕಿತ್ತುಹಾಕಿ ಒಂದು ಹಸಿರು ಹುಲ್ಲುಹಾಸು ಮಾಡಿಸಿದರೆ ಹೇಗೆ’ ಎಂಬ ಆಲೋಚನೆ ಹುಟ್ಟುವುದು ಆಗಲೇ.

ಆಲೋಚನೆ ತಪ್ಪಲ್ಲ. ಆದರೆ ಅದನ್ನು ಜಾರಿಗೆ ತರುವ ಬಗೆಯಲ್ಲಿ ಎರಡು ದಾರಿಗಳಿವೆ. ಒಂದು, ಗುತ್ತಿಗೆದಾರರಿಗೆ ಹೇಳಿ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿ, ನರ್ಸರಿಯಿಂದ ಹುಲ್ಲಿನ ಹಲಗೆಗಳನ್ನು ತಂದು ಹಾಸಿಸುವುದು. ವಾರದಲ್ಲಿ ಕೆಲಸ ಮುಗಿಯುತ್ತದೆ; ಬಹುತೇಕ ಮುಂದಿನ ಬೇಸಿಗೆಗೆ ಹುಲ್ಲೂ ಮುಗಿಯುತ್ತದೆ. ಇನ್ನೊಂದು, ಒಂದು ಮಳೆಗಾಲವನ್ನು ಪೂರ್ತಿಯಾಗಿ ಅದಕ್ಕೆ ಕೊಟ್ಟು, ಹೊಲದ ಬದುವಿನಲ್ಲಿ ಬಿಟ್ಟಿಯಾಗಿ ಸಿಗುವ ಗರಿಕೆಯಿಂದಲೇ ಹಾಸು ಬೆಳೆಸುವುದು. ಈ ಲೇಖನ ಎರಡನೆಯ ದಾರಿಯನ್ನು ಕುರಿತದ್ದು.

ಮೊದಲ ಲೆಕ್ಕ ನೀರಿನದು

ಹುಲ್ಲುಹಾಸಿನ ಖರ್ಚು ಎಂದರೆ ಮಣ್ಣು, ಗೊಬ್ಬರ, ಕೂಲಿ ಎಂದು ಹಲವರು ಎಣಿಸುತ್ತಾರೆ. ಅವೆಲ್ಲ ಒಮ್ಮೆಯ ಖರ್ಚು. ಪ್ರತಿದಿನ ಬೆಳೆಯುವ ಖರ್ಚು ನೀರು. ಬಯಲುಸೀಮೆಯ ಬಿಸಿಲಿನಲ್ಲಿ ಹುಲ್ಲನ್ನು ಸದಾ ಹಚ್ಚಗೆ ಇರಿಸಬೇಕೆಂದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕೆಂದು ಇಟ್ಟುಕೊಳ್ಳಬಹುದು. ಅಂದರೆ ಒಂದು ಚದರ ಮೀಟರಿಗೆ 5 ಲೀಟರ್. ಹಿತ್ತಲಿನಲ್ಲಿ 20 ಅಡಿ ಅಗಲ, 25 ಅಡಿ ಉದ್ದದ ಹಾಸು ಮಾಡಿದರೆ ಅದು 500 ಚದರ ಅಡಿ, ಸುಮಾರು 46 ಚದರ ಮೀಟರ್. ದಿನಕ್ಕೆ 230 ಲೀಟರ್, ತಿಂಗಳಿಗೆ ಸುಮಾರು 7,000 ಲೀಟರ್ ನೀರು ಅದಕ್ಕೇ ಬೇಕು.

ಈ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯು ಗ್ರಾಮೀಣ ಕುಟುಂಬಗಳಿಗೆ ನಿಗದಿಪಡಿಸಿದ ಪ್ರಮಾಣ ತಲಾ ದಿನಕ್ಕೆ 55 ಲೀಟರ್. ಹಾಗಾದರೆ 500 ಚದರ ಅಡಿಯ ಹುಲ್ಲು ನಾಲ್ಕು ಜನರ ಪಾಲಿನ ನೀರನ್ನು ಕುಡಿಯುತ್ತದೆ. ಚಿಕ್ಕಬಳ್ಳಾಪುರದಂತಹ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ನಂದಿಬೆಟ್ಟದ ಸುತ್ತಮುತ್ತಲಿನಲ್ಲಿ ಅರ್ಕಾವತಿ, ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ಹುಟ್ಟುತ್ತವೆ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಆದರೆ ವರ್ಷವಿಡೀ ಹರಿಯುವ ಒಂದು ನದಿಯೂ ಜಿಲ್ಲೆಯಲ್ಲಿಲ್ಲ. ಕೆರೆಗಳನ್ನು ನಂಬಿದ್ದ ನಾಡು ಕೊಳವೆಬಾವಿಗೆ ತಿರುಗಿ, ಆ ಬಾವಿಗಳು ಸಾವಿರ ಅಡಿಯನ್ನೂ ದಾಟಿದವು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಹೆಬ್ಬಾಳ-ನಾಗವಾರ ಕಣಿವೆಯಿಂದ ಈ ಭಾಗದ ಕೆರೆಗಳಿಗೆ ಹರಿಸಬೇಕಾಗಿ ಬಂದದ್ದು ಈ ಕೊರತೆಯಿಂದಲೇ.

ಬೆಂಗಳೂರಿನಲ್ಲಿರುವ ಓದುಗರು ಈ ಲೆಕ್ಕ ಹಳ್ಳಿಗೆ ಮಾತ್ರ ಎಂದುಕೊಳ್ಳಬೇಕಿಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬಿಕ್ಕಟ್ಟು ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕೈತೋಟ, ವಾಹನ ತೊಳೆಯುವಿಕೆ ಮುಂತಾದವುಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. 2025ರ ಫೆಬ್ರವರಿಯಲ್ಲಿ ಅಂಥದೇ ಆದೇಶ ಮತ್ತೆ ಹೊರಬಿತ್ತು.

ಆದ್ದರಿಂದ ಮೊದಲ ಸಲಹೆ: ಹಾಸನ್ನು ಕಿರಿದಾಗಿಸಿ. 10 ಅಡಿಗೆ 12 ಅಡಿಯ ತುಂಡು ಸಾಕು. ಅದು 120 ಚದರ ಅಡಿ, 11 ಚದರ ಮೀಟರ್. ಕಡು ಬೇಸಿಗೆಯಲ್ಲೂ ದಿನಕ್ಕೆ 55 ಲೀಟರ್ ದಾಟದು. ಒಂದು ಮನೆಯ ಸ್ನಾನದ ನೀರಿನಲ್ಲೇ ಅಷ್ಟು ಸಿಗುತ್ತದೆ. ಎರಡು ಕುರ್ಚಿ ಹಾಕಿಕೊಂಡು ಕೂರುವುದಕ್ಕೂ ಮಗುವೊಂದು ಹೊರಳಾಡುವುದಕ್ಕೂ ಅಷ್ಟು ಜಾಗ ಧಾರಾಳ. ಉಳಿದ ಹಿತ್ತಲಿನಲ್ಲಿ ನುಗ್ಗೆ, ನಿಂಬೆ, ಚೆಂಡುಹೂ, ಅವರೆ ಚಪ್ಪರ ಇರಲಿ. ಕೆಲವು ಭಾಗವನ್ನು ಹಳೆಯ ಪದ್ಧತಿಯಂತೆ ಗುಡಿಸಿ ಸಾರಿಸಿದ ಬರಿನೆಲವಾಗಿಯೇ ಬಿಡುವುದೂ ಉತ್ತಮ. ಇಡೀ ಅಂಗಳಕ್ಕೆ ಹುಲ್ಲು ಹೊದಿಸುವ ರೂಢಿ ಬಂದದ್ದು ವರ್ಷದ ಹನ್ನೆರಡು ತಿಂಗಳೂ ಮಳೆಹನಿ ಬೀಳುವ ಇಂಗ್ಲೆಂಡಿನಂತಹ ನಾಡಿನಿಂದ. ವರ್ಷಕ್ಕೆ 700-800 ಮಿಲಿಮೀಟರ್ ಮಳೆ ಬಿದ್ದರೆ ಸಮಾಧಾನಪಡುವ ನಮ್ಮ ಸೀಮೆಯಿಂದಲ್ಲ.

ಕೀಳುವ ಮೊದಲು ಗುರುತಿಸಿ

ಹಿತ್ತಲಿನಲ್ಲಿ ಬೆಳೆದದ್ದೆಲ್ಲ ಒಂದೇ ಬಗೆಯ ಕಳೆಯಲ್ಲ. ಒಂದೊಂದಕ್ಕೆ ಒಂದೊಂದು ಉಪಾಯ ಬೇಕು. ಅಷ್ಟೇ ಅಲ್ಲ, ಅದರಲ್ಲಿ ಕೆಲವು ಸಾರಿಗೆ ಸಲ್ಲಬೇಕಾದವು. ಕೋಲಾರ-ಚಿಕ್ಕಬಳ್ಳಾಪುರ ಭಾಗದ ಬೆರಕೆಸೊಪ್ಪಿನ ರುಚಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆಗೆ ನೆಲಕ್ಕಂಟಿ ಹರಡುವ ಗೋಣಿಸೊಪ್ಪು, ಅಣ್ಣೆಸೊಪ್ಪು, ಗಣಿಕೆಸೊಪ್ಪು, ಕೊಮ್ಮೆಸೊಪ್ಪು ಇವೆಲ್ಲ ಹುಲ್ಲುಹಾಸಿನ ದೃಷ್ಟಿಯಿಂದ ಕಳೆ, ಅಡುಗೆಮನೆಯ ದೃಷ್ಟಿಯಿಂದ ಮಸ್ಸೊಪ್ಪು. ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಹಿತ್ತಲಿಗೆ ಕರೆದು ಕೇಳಿ. ಗುರುತು ಸಿಗದ ಸೊಪ್ಪನ್ನು ಮಾತ್ರ ಬಾಯಿಗಿಡಬೇಡಿ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಎಲ್ಲರಿಗೂ ಪರಿಚಿತ. ಅಮೆರಿಕ ಖಂಡದಿಂದ ಬಂದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಮುಂದೆ ದೇಶವನ್ನೇ ಆವರಿಸಿತು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಆದುದರಿಂದ ಇಲ್ಲಿ ಒಂದೇ ನಿಯಮ: ಹೂಬಿಡುವ ಮೊದಲು ಕೀಳಬೇಕು. ಮಳೆ ಬಿದ್ದ ಮಾರನೆಯ ದಿನ ನೆಲ ಸಡಿಲವಾಗಿರುವಾಗ, ಕೈಚೀಲ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರುಸಹಿತ ಎಳೆದರೆ ಸುಲಭವಾಗಿ ಬರುತ್ತದೆ. ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂವಿಲ್ಲದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂಬಿಟ್ಟವುಗಳನ್ನು ಹಾಕಿದರೆ ಮುಂದಿನ ವರ್ಷ ಗೊಬ್ಬರದೊಂದಿಗೇ ಕಳೆಯನ್ನೂ ಹಂಚಿದಂತಾಗುತ್ತದೆ. ಮಳೆಗಾಲದಲ್ಲಿ ಇದರ ಎಲೆಯನ್ನು ತೂತು ಮಾಡಿ ತಿನ್ನುವ, ಬಿಳಿಬಣ್ಣದ ಮೇಲೆ ಕಂದು ಗೆರೆಗಳಿರುವ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಮೆಕ್ಸಿಕೋದಿಂದ ತರಿಸಿ, ಪರೀಕ್ಷೆಗಳ ನಂತರ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೀರುಂಡೆಯ ಸಂತತಿ ಅದು. ನಿಮ್ಮ ಪರವಾಗಿ ಕೂಲಿಯಿಲ್ಲದೆ ದುಡಿಯುತ್ತಿದೆ. ಅಡುಗೆ ಉಪ್ಪಿನ ಗಟ್ಟಿ ದ್ರಾವಣ ಸಿಂಪಡಿಸಿದರೆ ಪಾರ್ಥೇನಿಯಂ ಸುಟ್ಟುಹೋಗುವುದು ನಿಜ. ರಸ್ತೆಬದಿಗೆ ಅದು ಸರಿಯೇನೋ. ಹುಲ್ಲು ಬೆಳೆಸಬೇಕಾದ ನೆಲಕ್ಕೆ ಉಪ್ಪು ಸುರಿಯುವುದು ಜಾಣತನವಲ್ಲ.

ನಿಜವಾದ ಎದುರಾಳಿ ಜೇಕು. ಕೊನ್ನಾರಿಗಡ್ಡೆ, ತುಂಗೆಗಡ್ಡೆ ಎಂದೂ ಕರೆಯುತ್ತಾರೆ. ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ಕೈಗೆ ಸಿಗುತ್ತವೆ. ಮೇಲಿನದನ್ನು ಕಿತ್ತರೆ ಕೆಳಗಿನ ಗಡ್ಡೆ ನೆಲದಲ್ಲೇ ಉಳಿದು ವಾರದೊಳಗೆ ಮತ್ತೆ ಮೊಳೆಯುತ್ತದೆ. ಗಡ್ಡೆಗಳು ಸರದ ಮಣಿಗಳಂತೆ ಒಂದಕ್ಕೊಂದು ಬೆಸೆದುಕೊಂಡು ಒಂದಡಿ ಆಳದವರೆಗೂ ಇಳಿದಿರುತ್ತವೆ. ಭದ್ರಮುಷ್ಟಿ ಎಂಬ ಹೆಸರಿನಲ್ಲಿ ಇದೇ ಗಡ್ಡೆ ಆಯುರ್ವೇದದ ಔಷಧಿ. ಒಣಗಿಸಿ ಮೂಸಿದರೆ ಘಮ್ಮೆನ್ನುತ್ತದೆ. ಅದು ಎಷ್ಟೇ ಸುವಾಸನೆಯದಾದರೂ ನಿಮ್ಮ ಹಾಸಿನಲ್ಲಿ ಒಂದು ಗಡ್ಡೆ ಉಳಿದರೆ ಎರಡು ವರ್ಷದಲ್ಲಿ ನೂರಾಗುತ್ತದೆ. ಜೇಕು ಇರುವ ಹಿತ್ತಲನ್ನು ಆತುರದಲ್ಲಿ ಹುಲ್ಲುಹಾಸಾಗಿ ಮಾಡುವುದು ಸಾಧ್ಯವೇ ಇಲ್ಲ ಎನ್ನಬಹುದು.

ಉಳಿದ ನೆಗ್ಗಿಲುಮುಳ್ಳು, ಉತ್ತರಾಣಿ, ತುಂಬೆ, ನೆಲನೆಲ್ಲಿ ಮುಂತಾದವು ಒಂದೆರಡು ಬಾರಿ ಕೈಯಾಡಿಸಿದರೆ ಹತೋಟಿಗೆ ಬರುತ್ತವೆ.

ಮಳೆ ನಕ್ಷತ್ರಗಳ ಜೊತೆಗೆ ಕೆಲಸ

ಈ ಭಾಗದ ಮಳೆಯ ಸ್ವಭಾವ ಮಲೆನಾಡಿನದಲ್ಲ. ಜೂನ್-ಜುಲೈಯಲ್ಲಿ ಮೋಡ ಕವಿದು ತುಂತುರು ಬಿದ್ದು ಹೋಗುವುದೇ ಹೆಚ್ಚು. ನೆಲ ತೋಯುವ ಮಳೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ರಾಗಿ ಬಿತ್ತುವವರು ಇದನ್ನು ಬಲ್ಲರು. ಹುಲ್ಲುಹಾಸನ್ನೂ ಇದೇ ಲೆಕ್ಕದಲ್ಲಿ ಬೆಳೆಸಿದರೆ ನೀರಿನ ಖರ್ಚು ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ.

ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಲ್ಲಿ, ಭರಣಿ ಇಲ್ಲವೆ ಕೃತ್ತಿಕೆಯ ಒಂದು ಹದ ಮಳೆಯಾದೊಡನೆ, ಗುರುತು ಹಾಕಿದ 120 ಚದರ ಅಡಿಯನ್ನು ಮುಕ್ಕಾಲು ಅಡಿ ಆಳಕ್ಕೆ ಗುದ್ದಲಿಯಿಂದ ಅಗೆಯಬೇಕು. ಎರಡು ಆಳಿನ ಕೆಲಸ. ರೋಟವೇಟರ್ ಹೊಡೆಸಿದರೆ ಬೇಗ ಆಗುತ್ತದೆಂದು ಕೆಲವರು ಸಲಹೆ ಕೊಡುತ್ತಾರೆ. ಜೇಕು ಇರುವಲ್ಲಿ ಮಾತ್ರ ಅದು ಬೇಡ. ಯಂತ್ರ ಗಡ್ಡೆಗಳ ಸರವನ್ನು ತುಂಡರಿಸಿ ಇಡೀ ನೆಲಕ್ಕೆ ಬಿತ್ತುತ್ತದೆ. ಅಗೆದ ಹೆಂಟೆಗಳನ್ನು ಕೈಯಿಂದ ಪುಡಿಮಾಡುತ್ತ ಗಡ್ಡೆಗಳನ್ನು ಆರಿಸಿ ಹೊರಹಾಕಬೇಕು. ಆಮೇಲೆ ಎರಡು ವಾರ ನೆಲವನ್ನು ಬಿಸಿಲಿಗೆ ಬಿಡಿ. ಮೇಲಕ್ಕೆ ಬಂದು ಒಣಗಿದ ಗಡ್ಡೆಗಳಲ್ಲಿ ಬಹುಪಾಲು ಸಾಯುತ್ತವೆ.

ಬೀಜದಿಂದ ಹುಟ್ಟುವ ಕಳೆಗಳಿಗೆ ಇನ್ನೊಂದು ಅಗ್ಗದ ಉಪಾಯ ಉಂಟು. ಮಟ್ಟ ಮಾಡಿದ ನೆಲವನ್ನು ಚೆನ್ನಾಗಿ ತೋಯಿಸಿ, ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಅಂಟುವಂತೆ ಹಾಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡುವುದು. ಒಳಗೆ ಕಾವು ಏರಿ ಮೇಲ್ಪದರದ ಬೀಜಗಳು ಬೇಯುತ್ತವೆ. ಟೊಮೆಟೊ, ದಪ್ಪ ಮೆಣಸಿನಕಾಯಿಯ ತೋಟಗಳಲ್ಲಿ ಬಳಸುವ ಕಪ್ಪು-ಬೆಳ್ಳಿ ಬಣ್ಣದ ಹಾಳೆ ಇದಕ್ಕೆ ಆಗದು, ಬಿಸಿಲು ಒಳಹೋಗುವ ಹಾಳೆಯೇ ಬೇಕು. ಇದನ್ನು ಮಾಡುವುದಾದರೆ ಮಾರ್ಚ್ ಕೊನೆಗೇ ಅಗೆದು ಆರಂಭಿಸಬೇಕು. ಜೇಕಿನ ಆಳದ ಗಡ್ಡೆಗಳಿಗೆ ಈ ಕಾವು ಮುಟ್ಟುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಮುಂದಿನ ಎರಡೂವರೆ ತಿಂಗಳು ನೆಡುವುದು ಬೇಡ, ಕಾಯುವುದೇ ಕೆಲಸ. ರೋಹಿಣಿ ಮಳೆಗೆ ಒಂದು ಸುತ್ತು ಕಳೆ ಹುಟ್ಟುತ್ತದೆ, ಎರಡೆಲೆ-ನಾಲ್ಕೆಲೆಯಾದಾಗ ಕುಂಟೆಯಿಂದಲೋ ಕಳೆಗುದ್ದಲಿಯಿಂದಲೋ ಮೇಲುಮೇಲೆ ಕೆರೆದುಹಾಕಿ. ಆರಿದ್ರಾ ಮಳೆಗೆ ಎರಡನೆಯ ಸುತ್ತು. ಪುಷ್ಯದ ಹೊತ್ತಿಗೆ ಮೂರನೆಯದು. ಆಳವಾಗಿ ಅಗೆಯಬಾರದು, ಅಗೆದರೆ ಕೆಳಗೆ ಮಲಗಿರುವ ಬೀಜಗಳು ಮೇಲೆ ಬರುತ್ತವೆ. ಜೇಕು ತಲೆಯೆತ್ತಿದಲ್ಲಿ ಮಾತ್ರ ಚಾಣದಂತಹ ಸಲಕರಣೆಯಿಂದ ಗಡ್ಡೆಯ ಬುಡದವರೆಗೆ ಹೋಗಿ ತೆಗೆಯಬೇಕು. ಮೊಳೆತ ಜೇಕು ಮೂರ್ನಾಲ್ಕು ವಾರದಲ್ಲೇ ಹೊಸ ಗಡ್ಡೆ ಕಟ್ಟಲಾರಂಭಿಸುತ್ತದೆ. ಹಾಗಾಗಿ ಎರಡು ವಾರಕ್ಕೊಮ್ಮೆ ತಪ್ಪದೆ ತೆಗೆಯುತ್ತ ಬಂದರೆ ಹಳೆಯ ಗಡ್ಡೆ ತನ್ನ ಸಂಗ್ರಹ ಕಳೆದುಕೊಂಡು ಸೊರಗುತ್ತದೆ. ವಾರಾಂತ್ಯಕ್ಕೆ ಊರಿಗೆ ಬರುವವರಿಗೆ ಇದು ಹೊಂದುವ ಕೆಲಸವೇ.

ಆಗಸ್ಟ್ ನಡುವಿನ ಮಖೆ ಮಳೆ ನೆಡುವುದಕ್ಕೆ ತಕ್ಕ ಕಾಲ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಒಂದರ ಹಿಂದೊಂದು ಬಂದು ಹುಲ್ಲಿನ ಬೇರು ಇಳಿಸುತ್ತವೆ. ಚಳಿಗೆ ಬೆಳವಣಿಗೆ ನಿಧಾನವಾಗುವ ಹೊತ್ತಿಗೆ ನೆಲ ಮುಚ್ಚಿರುತ್ತದೆ.

ಗರಿಕೆಯೇ ಏಕೆ

ನರ್ಸರಿಗಳಲ್ಲಿ ಮೆಕ್ಸಿಕನ್, ಕೊರಿಯನ್, ಬರ್ಮುಡಾ ಎಂದೆಲ್ಲ ಹೆಸರುಗಳು ಕೇಳಿಬರುತ್ತವೆ. ಇವುಗಳಲ್ಲಿ ಬರ್ಮುಡಾ ಎಂಬುದು ನಮ್ಮ ಗರಿಕೆಯೇ. ಕೆಲವು ಆಯ್ದ ತಳಿಗಳು, ಕೆಲವು ಸಂಕರಗಳು. ಗಣೇಶನ ಹಬ್ಬಕ್ಕೆ ಕಟ್ಟುಕಟ್ಟಾಗಿ ಮಾರಾಟವಾಗುವ ದೂರ್ವೆಯೂ ಅದೇ. ರೈತ ಅದೇ ಗರಿಕೆಯನ್ನು ಹೊಲದಿಂದ ಕಿತ್ತು ಬದುವಿಗೆ ಎಸೆದು ಶಪಿಸುತ್ತಾನೆ, ನಗರದಲ್ಲಿ ಅದೇ ಹುಲ್ಲು ಚದರ ಅಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ರೈತ ಶಪಿಸುವ ಗುಣಗಳೇ ಹಾಸಿಗೆ ಬೇಕಾದವು: ನೆಲದ ಮೇಲೆ ಬಳ್ಳಿಯಾಗಿ, ನೆಲದೊಳಗೆ ಬೇರುಕಾಂಡವಾಗಿ ಹಬ್ಬುತ್ತದೆ, ತುಳಿದರೂ ಸಾಯುವುದಿಲ್ಲ, ಮೂರು ತಿಂಗಳು ನೀರಿಲ್ಲದಿದ್ದರೂ ಕಂದಿ ಮಲಗಿ ಮಳೆಗೆ ಏಳುತ್ತದೆ, ಸ್ವಲ್ಪ ಉಪ್ಪಿನಂಶದ ನೀರನ್ನೂ ಸಹಿಸುತ್ತದೆ.

ಮೆಕ್ಸಿಕನ್ ಹುಲ್ಲು ನಿಜಕ್ಕೂ ರತ್ನಗಂಬಳಿಯಂತೆ ಕಾಣುತ್ತದೆ. ಆದರೆ ಹಬ್ಬುವುದು ನಿಧಾನ, ಹಲಗೆಗಳನ್ನೇ ಕೊಂಡು ಹಾಸಬೇಕಾದ್ದರಿಂದ ಖರ್ಚು ಹೆಚ್ಚು. ಹಲಗೆಯ ಮಣ್ಣಿನಲ್ಲಿ ಬೇರೆಯವರ ಜೇಕು ನಿಮ್ಮ ಮನೆಗೆ ಬರುವ ಅಪಾಯವೂ ಇದೆ.

ಗರಿಕೆಗೆ ಒಂದು ದೌರ್ಬಲ್ಯವಿದೆ: ನೆರಳು ಆಗದು. ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು. ಹೊಂಗೆ, ಮಾವಿನ ಮರದಡಿ ಗರಿಕೆ ನೆಟ್ಟು ಮೂರು ವರ್ಷ ಹೆಣಗಾಡುವುದಕ್ಕಿಂತ ಅಲ್ಲಿ ಉದುರಿದ ಎಲೆಯ ಹೊದಿಕೆಯನ್ನೇ ಬಿಡುವುದು ಲೇಸು. ಒಗೆಯುವ ಕಲ್ಲಿನ ಪಕ್ಕದ ತೇವದ ನೆರಳಿಗೆ ಒಂದೆಲಗ ಹಚ್ಚಿದರೆ ನೆಲವೂ ಮುಚ್ಚುತ್ತದೆ, ಚಟ್ನಿಗೂ ಆಗುತ್ತದೆ.

ಮಣ್ಣು, ಗೊಬ್ಬರ, ನಾಟಿ

ಇಲ್ಲಿನ ಕೆಂಪುಮಣ್ಣು ಗರಿಕೆಗೆ ಸಾಕಷ್ಟೇ ಒಳ್ಳೆಯದು. ಹೊರಗಿನಿಂದ ಟ್ರ್ಯಾಕ್ಟರ್‌ಗಟ್ಟಲೆ ಮಣ್ಣು ತರಿಸುವ ಅಗತ್ಯವಿಲ್ಲ. ಬೇಸಿಗೆಯಲ್ಲಿ ಹೂಳೆತ್ತುವಾಗ ಸಿಗುವ ಕೆರೆಗೋಡು ತೇವ ಹಿಡಿಯುವುದರಲ್ಲಿ ಉತ್ತಮ. ಒಂದು ಅಂಗುಲ ದಪ್ಪಕ್ಕೆ ಹರಡಲು ಹತ್ತು ಘನ ಅಡಿ ಸಾಕು. ಗೋಡಿನಲ್ಲಿ ಜೇಕಿನ ಗಡ್ಡೆ ಬರುವ ಸಂಭವ ಬಹಳ. ಆದುದರಿಂದ ಮೇ ತಿಂಗಳಲ್ಲೇ ತಂದು ಹರಡಿ, ಮೇಲೆ ಹೇಳಿದ ಮೂರು ಸುತ್ತಿನ ಕಳೆ ತೆಗೆತಕ್ಕೆ ಅದನ್ನೂ ಒಳಪಡಿಸಬೇಕು. ನೆಡುವ ಮುನ್ನಾದಿನ ತರುವಂತಿಲ್ಲ.

ಪೂರ್ತಿ ಕಳಿತ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ 25ರಿಂದ 30 ಕಿಲೋ, ಜೊತೆಗೆ ಗೆದ್ದಲು ಮತ್ತು ಗೊಣ್ಣೆಹುಳುವಿನ ಕಾಟ ತಗ್ಗಿಸಲು ಎರಡು ಕಿಲೋ ಬೇವಿನ ಹಿಂಡಿ ಈ ಅಳತೆಯ ಜಾಗಕ್ಕೆ ಸಾಲುತ್ತದೆ. ರೇಷ್ಮೆ ಬೆಳೆಯುವ ಊರುಗಳಲ್ಲಿ ಹುಳುಮನೆಯಿಂದ ಹೊರಬೀಳುವ ಹಿಕ್ಕೆ ಮತ್ತು ಸೊಪ್ಪಿನ ಉಳಿಕೆ ಒಳ್ಳೆಯ ಗೊಬ್ಬರವಾಗುತ್ತದೆ. ಹಸಿಯಾಗಿ ಹಾಕಬಾರದು, ಅದರಲ್ಲಿ ಹುಳುವಿನ ರೋಗಾಣುಗಳೂ ಊಜಿ ನೊಣದ ಕೋಶಗಳೂ ಇರಬಹುದು, ಪಕ್ಕದ ಮನೆಯ ಬೆಳೆಗೆ ಅವು ಅಪಾಯ. ಗುಂಡಿಯಲ್ಲಿ ಕೊಳೆತು ತಣ್ಣಗಾದ ಮೇಲೆ ಬಳಸಬೇಕು. ಮಣ್ಣು ಪರೀಕ್ಷೆ ಮಾಡಿಸುವ ಆಸೆಯಿದ್ದರೆ ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ನೆಲಕ್ಕೆ ಮನೆಯಿಂದ ಹೊರಮುಖವಾಗಿ ಎಂಟು ಅಡಿಗೆ ಒಂದು ಅಂಗುಲದಷ್ಟು ಇಳಿಜಾರು ಕೊಟ್ಟು ಹಲಗೆಯಿಂದ ಎಳೆದು ಸಮಮಾಡಿ, ನೀರು ಚಿಮುಕಿಸಿ ತುಳಿದು ಕೂರಿಸಬೇಕು. ಬದುವಿನಿಂದ ತಂದ ಗರಿಕೆಯ ಬಳ್ಳಿಗಳನ್ನು ಎರಡು-ಮೂರು ಗೆಣ್ಣುಗಳಿರುವ ತುಂಡುಗಳಾಗಿ ಕತ್ತರಿಸಿ, ಅರ್ಧ ಅಡಿಗೊಂದರಂತೆ, ಒಂದು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಚುಚ್ಚಿ ನೆಡಬೇಕು. ಒಟ್ಟು 480 ತುಂಡುಗಳು. ಒಂದು ಗೋಣಿಚೀಲ ಗರಿಕೆ ಬೇಕಾದಷ್ಟಾಯಿತು. ಬಳ್ಳಿಗಳ ನಡುವೆ ಬೇರೆ ಹುಲ್ಲು, ಜೇಕು ಸೇರಿಲ್ಲವೆಂದು ಒಂದೊಂದಾಗಿ ನೋಡಿಯೇ ನೆಡಬೇಕು. ಇಷ್ಟು ತಾಳ್ಮೆ ಇಲ್ಲದವರು ಗರಿಕೆಯನ್ನು ಎರಡು ಅಂಗುಲದ ಚೂರುಗಳಾಗಿ ಕೊಚ್ಚಿ, ಸಗಣಿ ಮತ್ತು ಮಣ್ಣಿನ ರಾಡಿಯಲ್ಲಿ ಕಲೆಸಿ ತೇವದ ನೆಲದ ಮೇಲೆ ತೆಳುವಾಗಿ ಬಳಿಯಬಹುದು. ಅಂಗಳ ಸಾರಿಸಿ ಬಲ್ಲವರಿಗೆ ಇದು ಹೊಸದೇನಲ್ಲ. ಮೇಲೆ ಎರಡು ವಾರ ಒಣಹುಲ್ಲಿನ ತೆಳು ಹೊದಿಕೆ ಬೇಕಾಗುತ್ತದೆ.

ಸುತ್ತಲೂ ಅಂಚು ಕಟ್ಟುವುದನ್ನು ಮರೆಯುವಂತಿಲ್ಲ. ಚಪ್ಪಡಿ ಕಲ್ಲಿನ ಚೂರುಗಳನ್ನು ಮುಕ್ಕಾಲು ಅಡಿ ಆಳಕ್ಕೆ ನಿಲ್ಲಿಸಿ ಹೂಳದಿದ್ದರೆ ಗರಿಕೆ ತರಕಾರಿ ಮಡಿಗೂ ಪಕ್ಕದವರ ಹಿಪ್ಪುನೇರಳೆ ತೋಟಕ್ಕೂ ನುಗ್ಗುತ್ತದೆ. ಕಲ್ಲಿನ ನಾಡಾದ ಚಿಕ್ಕಬಳ್ಳಾಪುರದಲ್ಲಿ ಇಂತಹ ಚೂರುಗಳಿಗೆ ಬರವಿಲ್ಲ.

ಕಳೆನಾಶಕದ ಪ್ರಶ್ನೆ

ಇಷ್ಟೆಲ್ಲ ಅಗೆತ, ಕಾಯುವಿಕೆ ಏಕೆ, ಒಂದು ಬಾಟಲಿ ಔಷಧಿ ಹೊಡೆದರೆ ಮುಗಿಯಿತಲ್ಲ ಎಂಬ ಪ್ರಶ್ನೆ ಸಹಜ. ಗ್ಲೈಫೋಸೇಟ್ ಎಂಬ ಕಳೆನಾಶಕದ ಬಗ್ಗೆ ಈ ಮಾತು ಹೆಚ್ಚು ಕೇಳಿಬರುತ್ತದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಅಧಿಸೂಚನೆ ಹೊರಡಿಸಿ, ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರ ಹೊರತು ಬೇರೆಯವರು ಅದನ್ನು ಬಳಸುವಂತಿಲ್ಲ ಎಂದು ನಿರ್ಬಂಧಿಸಿತು. ಮನುಷ್ಯ ಮತ್ತು ಪ್ರಾಣಿಗಳ ಆರೋಗ್ಯಕ್ಕಿರುವ ಅಪಾಯವನ್ನು ಅದಕ್ಕೆ ಕಾರಣವಾಗಿ ನೀಡಲಾಗಿತ್ತು.

ಸಾದಲಿ, ಶಿಡ್ಲಘಟ್ಟದ ಮಟ್ಟಿಗೆ ಇನ್ನೂ ಹತ್ತಿರದ ಕಾರಣವಿದೆ. ಇದು ರೇಷ್ಮೆಯ ಸೀಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಮನಗರದ ನಂತರ ರಾಜ್ಯದಲ್ಲಿ ಹೆಸರಾದದ್ದು. ಊರೊಳಗೂ ಹಿತ್ತಲಿಗೆ ಹತ್ತಿಕೊಂಡೇ ಹಿಪ್ಪುನೇರಳೆ ತೋಟವಿರುತ್ತದೆ, ಗೋಡೆಯ ಆಚೆಗೇ ಹುಳುಮನೆ ಇರುತ್ತದೆ. ರೇಷ್ಮೆಹುಳು ಸ್ವತಃ ಒಂದು ಕೀಟ. ಗೆದ್ದಲಿಗೋ ಸೊಳ್ಳೆಗೋ ಎಂದು ನೀವು ಹಿತ್ತಲಿಗೆ ಸಿಂಪಡಿಸಿದ ಕೀಟನಾಶಕ ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳುಗಳು ಸಾಯುತ್ತವೆ. ಚಾಕಿ ಹಂತದ ಎಳೆಹುಳುಗಳಂತೂ ಅತ್ಯಂತ ಸೂಕ್ಷ್ಮ. ಸುಮಾರು ಒಂದು ತಿಂಗಳ ದುಡಿಮೆ ಒಂದು ಸಂಜೆಯ ಸಿಂಪಡಣೆಯಿಂದ ಮಣ್ಣುಪಾಲಾಗಬಹುದು. ಆಗ ಉಂಟಾಗುವ ನೆರೆಹೊರೆಯ ಜಗಳ ಬೇರೆ. ಅಗಲ ಎಲೆಯ ಕಳೆಗಳಿಗೆಂದು ಬಳಸುವ 2,4-ಡಿ ಕೂಡ ಇಲ್ಲಿ ಅಷ್ಟೇ ಅಪಾಯಕಾರಿ. ಅದರ ಹನಿ, ಆವಿ ಸೋಕಿದರೆ ದ್ರಾಕ್ಷಿ, ಟೊಮೆಟೊ ಎಲೆಗಳು ಸುರುಟಿ ವಿಕಾರವಾಗುತ್ತವೆ. ಜಿಲ್ಲೆಯ ರೈತರ ಕೈಗೆ ಹಣ ಕೊಡುವ ಬೆಳೆಗಳೇ ಇವು. ಹತ್ತು ಅಡಿ ಹುಲ್ಲಿಗಾಗಿ ಪಕ್ಕದವರ ಬೆಳೆಯನ್ನು ಅಪಾಯಕ್ಕೆ ಒಡ್ಡುವುದು ಯಾವ ಲೆಕ್ಕದಲ್ಲೂ ಅಗ್ಗವಲ್ಲ.

ನಾಟಿಯ ನಂತರ

ಮೊದಲ ಮೂರು ವಾರ ಮಳೆಯಿಲ್ಲದ ದಿನಗಳಲ್ಲಿ ಬೆಳಿಗ್ಗೆ ತೆಳುವಾಗಿ ನೀರು ಚಿಮುಕಿಸಬೇಕು. ಬೇರು ಹಿಡಿದ ಮೇಲೆ ರೂಢಿ ಬದಲಾಯಿಸಿ. ದಿನವೂ ಸ್ವಲ್ಪಸ್ವಲ್ಪ ಎರೆದರೆ ಬೇರು ಮೇಲೆಯೇ ಉಳಿಯುತ್ತದೆ, ಕಳೆಯ ಬೀಜಗಳಿಗೆ ಹಬ್ಬವಾಗುತ್ತದೆ. ವಾರಕ್ಕೊಮ್ಮೆ ಅರ್ಧ ಅಡಿ ಆಳ ತೋಯುವಂತೆ ಎರೆದರೆ ಬೇರು ಕೆಳಗಿಳಿಯುತ್ತದೆ.

ಬಚ್ಚಲ ನೀರು, ತರಕಾರಿ ತೊಳೆದ ನೀರು ಹುಲ್ಲಿಗೆ ಧಾರಾಳವಾಗಿ ಆಗುತ್ತದೆ. ಜಲ್ಲಿ, ಮರಳು ತುಂಬಿದ ಒಂದು ಬಕೆಟ್ ಮೂಲಕ ಹಾಯಿಸಿದರೆ ಕೂದಲು, ಸೋಪಿನ ಗಷ್ಟು ಅಲ್ಲೇ ನಿಲ್ಲುತ್ತದೆ. ಒಂದು ದಿನಕ್ಕಿಂತ ಹೆಚ್ಚು ಕೂಡಿಟ್ಟರೆ ನಾರುತ್ತದೆ, ಸೊಳ್ಳೆಯೂ ಬರುತ್ತದೆ. ಪಾತ್ರೆ ತೊಳೆದ ಎಣ್ಣೆಜಿಡ್ಡಿನ ನೀರು, ಬ್ಲೀಚಿಂಗ್ ಹಾಕಿದ ನೀರು ಬೇಡ. ಬಟ್ಟೆ ಒಗೆದ ಮೊದಲ ನೀರನ್ನು ಬಿಟ್ಟು, ಜಾಲಿಸಿದ ನೀರನ್ನು ಬಳಸಬಹುದು. ಆರ್‌.ಓ. ಯಂತ್ರ ಹೊರಚೆಲ್ಲುವ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಅದನ್ನೊಂದೇ ಸದಾ ಎರೆಯುವುದು ಸರಿಯಲ್ಲ. ಬೇರೆ ನೀರಿನೊಂದಿಗೆ ಸರದಿಯಲ್ಲಿ ಕೊಟ್ಟರೆ ಗರಿಕೆ ತಾಳುತ್ತದೆ, ಮಳೆಗಾಲದಲ್ಲಿ ಲವಣ ಕೆಳಗಿಳಿಯುತ್ತದೆ. ಬಚ್ಚಲ ನೀರು ಹಾಯಿಸಿದ ದಿನ ಮಕ್ಕಳನ್ನು ಹುಲ್ಲಿನ ಮೇಲೆ ಆಡಲು ಬಿಡಬಾರದು.

ಐದಾರು ವಾರಕ್ಕೆ ಹುಲ್ಲು ಮೂರು ಅಂಗುಲ ಎದ್ದಾಗ ಮೊದಲ ಕತ್ತರಿ. ಹರಿತವಾದ ಕುಡುಗೋಲು ಅಥವಾ ಬೇಲಿ ಕತ್ತರಿಸುವ ದೊಡ್ಡ ಕತ್ತರಿ ಈ ಅಳತೆಗೆ ಸಾಕು, ಯಂತ್ರ ಕೊಳ್ಳಬೇಕಿಲ್ಲ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದೆ ಎರಡು ಅಂಗುಲಕ್ಕೆ ನಿಲ್ಲಿಸಬೇಕು. ಚಂದ ಕಾಣಲೆಂದು ನೆಲಮಟ್ಟಕ್ಕೆ ಕತ್ತರಿಸಿದರೆ ಬಿಸಿಲು ಮಣ್ಣಿಗೆ ತಾಗಿ ಮಲಗಿದ್ದ ಕಳೆ ಎಚ್ಚರಗೊಳ್ಳುತ್ತದೆ. ಕತ್ತರಿಸಿದ ಹುಲ್ಲು ಹಸುವಿಗಾಗುತ್ತದೆ, ಹಸುವಿಲ್ಲದವರು ಅಲ್ಲೇ ಉದುರಲು ಬಿಟ್ಟರೆ ಗೊಬ್ಬರ. ನಿಯಮಿತ ಕತ್ತರಿಗೆ ಉತ್ತರಾಣಿಯಂತಹ ನೆಟ್ಟಗೆ ಬೆಳೆಯುವ ಕಳೆಗಳು ತಾವಾಗಿಯೇ ಸೋಲುತ್ತವೆ. ಜೇಕು ಮಾತ್ರ ಆಗಾಗ ಇಣುಕುತ್ತದೆ. ಮೊದಲ ಎರಡು ವರ್ಷ ಕೈಯಲ್ಲಿ ಚಾಣ ಇರಲಿ. ಹಾಸಿನ ಹೊರಗೆ ಉಳಿದ ಜಾಗದಲ್ಲಿ ಚೆಂಡುಹೂ ಒತ್ತಾಗಿ ಬೆಳೆದರೆ ಪಾರ್ಥೇನಿಯಂ ಮರಳುವುದು ಕಡಿಮೆಯಾಗುತ್ತದೆ, ದಸರಾ-ದೀಪಾವಳಿಗೆ ಹೂವೂ ಸಿಗುತ್ತದೆ.

ಫೆಬ್ರವರಿ ದಾಟಿದ ಮೇಲೆ ಹುಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ. ಬಹುತೇಕರು ಗಾಬರಿಯಾಗಿ ಟ್ಯಾಂಕರ್ ತರಿಸುವುದು, ಇಲ್ಲವೇ ಹುಲ್ಲು ಸತ್ತಿತೆಂದು ಅಗೆಸಿಬಿಡುವುದು ಈ ಹಂತದಲ್ಲೇ. ಗರಿಕೆ ಸತ್ತಿಲ್ಲ, ಬೇರುಕಾಂಡದಲ್ಲಿ ಜೀವ ಹಿಡಿದು ಮಲಗಿರುತ್ತದೆ. ಬುಡವನ್ನು ಉಗುರಿನಿಂದ ಕೆರೆದು ನೋಡಿದರೆ ಒಳಗೆ ಬಿಳಿ-ಹಸಿರು ಕಾಣುತ್ತದೆ. ಹದಿನೈದು ದಿನಕ್ಕೊಮ್ಮೆ ಬಚ್ಚಲ ನೀರು ಎರೆದು, ಕತ್ತರಿಸುವುದನ್ನು ನಿಲ್ಲಿಸಿ, ತುಳಿತ ಕಡಿಮೆ ಮಾಡಿದರೆ ಸಾಕು. ಭರಣಿಯ ಮೊದಲ ಹದ ಮಳೆ ಬಿದ್ದ ವಾರದೊಳಗೆ ಚಿಗುರು ಏಳುತ್ತದೆ. ಆಗ ಒಂದು ಮಂಕರಿ ಜರಡಿ ಹಿಡಿದ ಗೊಬ್ಬರವನ್ನು ಕೆಂಪುಮಣ್ಣಿನೊಂದಿಗೆ ಬೆರೆಸಿ ತೆಳುವಾಗಿ ಎರಚಿ, ತಗ್ಗಾದ ಕಡೆಗಳನ್ನು ಸಮಮಾಡಿ, ಖಾಲಿ ಬಿದ್ದ ಜಾಗಗಳಿಗೆ ಅಂಚಿನಲ್ಲಿ ಹೆಚ್ಚಾಗಿ ಬೆಳೆದ ಬಳ್ಳಿಗಳನ್ನೇ ಕತ್ತರಿಸಿ ಚುಚ್ಚಬೇಕು.